ಶಿವರಾತ್ರಿಯ ಹೊತ್ತಿಗೆ ನಮ್ಮೂರ ಕೆರೆ

ಪಂಚಾಂಗದ ಲೆಕ್ಕದಲ್ಲಿ ವಸಂತ ಋತು ಚೈತ್ರಮಾಸದಿಂದ ಆರಂಭವಾಗುತ್ತದೆ. ಕವಿಗಳಿಗೆ ಅದರ ಸುಳಿವು ದೊರೆಯುವುದು ಮಾವಿನ ಚಿಗುರಿನಿಂದ, ಕೋಗಿಲೆಯ ದನಿಯಿಂದ. ಆದರೆ ಯಳಂದೂರಿನ ಆಸುಪಾಸಿನ ನಮ್ಮಂಥ ಕೆರೆಯೂರಿನವರಿಗೆ ಅದು ಒಂದು ತಿಂಗಳು ಮೊದಲೇ, ಶಿವರಾತ್ರಿಯ ಹೊತ್ತಿಗೆ, ತೂಬಿನ ಕಲ್ಲುಗಂಬದ ಮೇಲೆ ಕಾಣಿಸಿಕೊಳ್ಳುತ್ತದೆ. ಇಳಿದ ನೀರು ಕಂಬದ ಮೇಲೆ ಪಾಚಿಯ ಗೆರೆ ಬಿಟ್ಟಿರುತ್ತದೆ. ಆ ಗೆರೆಯನ್ನು ಓದಬಲ್ಲ ನೀರಗಂಟಿಯೊಬ್ಬರ ಮೊಮ್ಮಗ ನಾನು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಾತನ ಆ ಓದನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕೆರೆಯೆಂದರೆ ಬರಿಯ ನೀರಲ್ಲ. ನೀರನ್ನು ತಡೆಯಲು ಏರಿ, ಹೆಚ್ಚಾದುದು ಹರಿದುಹೋಗಲು ಕೋಡಿ, ಗದ್ದೆಗೆ ಬಿಡಲು ತೂಬು, ಆ ನೀರನ್ನುಣ್ಣುವ ಅಚ್ಚುಕಟ್ಟು, ಇವೆಲ್ಲ ಸೇರಿ ಕೆರೆ. ಕರ್ನಾಟಕದಲ್ಲಿ ಇಂಥ ಕೆರೆಗಳು ಸುಮಾರು 36,000 ಇವೆಯೆಂದು ಹೇಳುತ್ತಾರೆ. ನಮ್ಮ ಸೀಮೆಯ ಕೆರೆಗಳಿಗೆ ಹಿಂಗಾರು ಮಳೆಯೇ ಮುಖ್ಯ ಆಸರೆ. ಸಂಕ್ರಾಂತಿಯ ವೇಳೆಗೆ ಭತ್ತ ಕಣ ಸೇರುತ್ತದೆ. ಆಮೇಲೆ ಉಳಿದ ನೀರಿನಲ್ಲಿ ಏನು ಮಾಡಬೇಕೆಂಬುದೇ ಮಾಘಮಾಸದ ಪ್ರಶ್ನೆ.

ಈ ಪ್ರಶ್ನೆ ತೋರುವಷ್ಟು ಸುಲಭವಲ್ಲ. ಕೆರೆಯ ಅಂಗಳ ಊಟದ ತಟ್ಟೆಯ ಹಾಗೆ ಅಂಚಿನಲ್ಲಿ ಅಗಲ, ತಳದಲ್ಲಿ ಕಿರಿದು. ಎಂಟು ಅಡಿ ನೀರು ನಾಲ್ಕು ಅಡಿಗೆ ಇಳಿದರೆ ಅರ್ಧ ಉಳಿದಿದೆಯೆಂದು ತಿಳಿಯುವುದು ತಪ್ಪು. ಉಳಿದಿರುವುದು ಅರ್ಧಕ್ಕಿಂತ ಬಹಳ ಕಡಿಮೆ. ಮೇಲಾಗಿ ಬಿಸಿಲೂ ಪಾಲು ಕೇಳುತ್ತದೆ. ದಿನಕ್ಕೆ 5 ಮಿಲಿಮೀಟರು ಆವಿಯಾದರೂ ತಿಂಗಳಿಗೆ ಅರ್ಧ ಅಡಿ ನೀರು ಯಾರ ಗದ್ದೆಗೂ ಸೇರದೆ ಹೋಗುತ್ತದೆ. “ಕಾಣಾದೆಲ್ಲ ನೀರಲ್ಲ ಕನ ಮೊಗ, ಅದ್ರಡೀಲಿ ಕೆಸ್ರೂ ಅದ” ಎನ್ನುತ್ತಾರೆ ತಾತ. ಇಷ್ಟನ್ನೂ ಕಳೆದು, ದನಕರುಗಳ ಪಾಲನ್ನು ತೆಗೆದಿಟ್ಟು, ಇನ್ನೊಂದು ಭತ್ತಕ್ಕೆ ನೀರಿದೆಯೋ, ರಾಗಿಗೆ ಸಾಕೋ, ಅಥವಾ ಗದ್ದೆ ಬೀಳು ಬಿಡಬೇಕೋ ಎಂದು ನೀರಗಂಟಿ ಹೇಳುತ್ತಿದ್ದರು, ಊರು ಒಪ್ಪುತ್ತಿತ್ತು.

ಇದೇ ದಿನಗಳಲ್ಲಿ ಏರಿಯ ಮೇಲಿನ ಹೊಂಗೆ ಎಲೆಯುದುರಿಸಿ ಚಿಗುರುತ್ತದೆ. ನೀರು ಇಳಿದಲ್ಲಿ ಮೀನು ಮಡುಗಟ್ಟುವುದರಿಂದ ಬೆಳ್ಳಕ್ಕಿ, ಕೊಕ್ಕರೆಗಳು ನೆರೆಯುತ್ತವೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟದ ಹಾದಿಯಾಗಿ ನಡೆದು ಹೋಗುವ ಪರುಸೆಯವರು ಏರಿಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಒಣಗಿದ ಅಂಗಳದಿಂದ ರೈತರು ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಾರೆ. ಇದರಿಂದ ಹೊಲಕ್ಕೆ ಸಾರ, ಕೆರೆಗೆ ಆಳ. ಆದರೆ ಏರಿಯ ಬುಡಕ್ಕೆ ಗುದ್ದಲಿ ತಾಕಬಾರದು. ಬುಡ ಸಡಿಲಗೊಂಡ ಏರಿ ಮಳೆಗಾಲದಲ್ಲಿ ನಿಲ್ಲುವುದಿಲ್ಲ.

ಇನ್ನು ನೀರಗಂಟಿಯ ವಿಚಾರ. ನಮ್ಮ ಮನೆತನಕ್ಕೆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಸ್ವಂತ ಗದ್ದೆ ಇಲ್ಲದವನು ನೀರನ್ನು ಪಕ್ಷಪಾತವಿಲ್ಲದೆ ಹಂಚುತ್ತಾನೆಂದು ಊರಿನವರು ಇದನ್ನು ಹೊಗಳುವುದುಂಟು. ಕಣದಲ್ಲಿ ಅಳೆದು ಕೊಡುತ್ತಿದ್ದ ಕಾಳೇ ಸಂಬಳ. ಊರಿನ ಗದ್ದೆಗೆಲ್ಲ ನೀರುಣಿಸಿದ ನಮ್ಮ ಮುತ್ತಾತ ಊರ ಬಾವಿಯಿಂದ ಒಂದು ಬಿಂದಿಗೆ ನೀರು ಸೇದುವಂತಿರಲಿಲ್ಲ. ಇದನ್ನು ಯಾರೂ ಹೊಗಳಿನೊಡನೆ ಸೇರಿಸಿ ಹೇಳುವುದಿಲ್ಲ. ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯಿದೆ 1961ರಲ್ಲಿ ಬಂದಿತು. ಬಂದುದು ನ್ಯಾಯವೇ. ಆದರೂ ರೂಢಿಯ ಬಲದಿಂದ ತಾತ ಅನೇಕ ವರ್ಷ ತೂಬು ಕಾದರು.

ಈಗ ಕಾಯುವವರಿಲ್ಲ. ತೂಬಿಗೆ ಕಬ್ಬಿಣದ ತಿರುಪು ಬಂದಿದೆ. ಯಾರ ಕೈಗಾದರೂ ಅದು ತಿರುಗುತ್ತದೆ. ಹೋದ ವರ್ಷ ಜಾಗರಣೆಯ ರಾತ್ರಿ ಯಾರೋ ತಿರುಗಿಸಿ ಮರೆತರು. ಬೆಳಗಾಗುವಷ್ಟರಲ್ಲಿ ನೀರು ಗದ್ದೆಗಳನ್ನು ದಾಟಿ ಹಳ್ಳ ಸೇರಿತ್ತು. ಯುಗಾದಿಯ ವೇಳೆಗೆ ಕೊನೆಯ ಗದ್ದೆಗಳ ಪೈರು ಒಣಗಿತು. ಸುದ್ದಿ ಕೇಳಿ ತಾತ ಕೋಲೂರಿಕೊಂಡು ಹೊರಟಾಗ ಅಪ್ಪ, “ಅದು ಇನ್ನು ನಮ್ಮ ಕೆಲ್ಸ ಅಲ್ಲ, ಕುಂತ್ಕಳಪ್ಪ” ಎಂದರು. ಇಬ್ಬರ ಮಾತೂ ನನಗೆ ಸರಿಯಾಗಿಯೇ ತೋರಿತು. ಅಪ್ಪ ಬಿಟ್ಟಿ ಚಾಕರಿಯನ್ನು ನೆನೆದು ಆಡಿದರು. ತಾತ ನೀರನ್ನು ನೆನೆದು ಎದ್ದರು.

ಹುಟ್ಟಿನಿಂದ ಬಂದ ಚಾಕರಿ ಅಳಿಯಬೇಕು. ಆದರೆ ಅದರೊಡನೆ ವಿದ್ಯೆ ಅಳಿಯಬೇಕಾಗಿಲ್ಲ. ವಿದ್ಯೆ ಒಂದು ಮನೆಯ ಪಾಲಿನ ಹೊರೆಯಾಗದೆ ಎಲ್ಲರೂ ಕಲಿಯುವಂಥದಾಗಬೇಕು, ಮಾಡಿದವರಿಗೆ ತಕ್ಕ ಕೂಲಿಯೂ ಮರ್ಯಾದೆಯೂ ಸಲ್ಲಬೇಕು. ಈ ಸಲ ಶಿವರಾತ್ರಿ ರಜೆಯಲ್ಲಿ ತಾತನನ್ನು ಏರಿಯ ಮೇಲೆ ಕೂರಿಸಿ, ಅವರು ಹೇಳಿದ ಗೆರೆಗಳನ್ನು ತೂಬಿನ ಕಂಬದ ಮೇಲೆ ಬಣ್ಣದಲ್ಲಿ ಬರೆದೆ: ಇದು ಭತ್ತದ ಗೆರೆ, ಇದು ರಾಗಿಯ ಗೆರೆ, ಇದರ ಕೆಳಗಿನದು ದನಕರುಗಳದು. ಗದ್ದೆಯುಳ್ಳವರ ಮನೆಯ ಇಬ್ಬರು ಗೆಳೆಯರು ಮೊಣಕಾಲುದ್ದ ನೀರಿನಲ್ಲಿ ನಿಂತು ಅಳತೆಗೋಲು ಹಿಡಿದರು. ಕೆರೆಯೂರುಗಳಿಂದ ಬಂದಿರುವ ಸಹಪಾಠಿಗಳೂ ಮುಂದಿನ ರಜೆಯಲ್ಲಿ ತಮ್ಮೂರಿನ ಹಿರಿಯರನ್ನು ಕೇಳಿ ಇಷ್ಟನ್ನು ಬರೆದಿಟ್ಟುಕೊಂಡರೆ ನಮ್ಮ ವಿದ್ಯಾಭ್ಯಾಸ ಊರಿಗೂ ಒದಗೀತೆಂದು ನಂಬಿದ್ದೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿ