ಗಾಜಿನ ಕಡಲಿನಲ್ಲಿ ಗಾಯಗೊಂಡ ಮೀನು

ಮಾತು ಬಾರದ ಜೀವಿಗಳಿಗೆ ಚಿಕಿತ್ಸೆ ಮಾಡಹೊರಟವನು ಮೊದಲು ಕಲಿಯಬೇಕಾದದ್ದು ನೋಡುವ ವಿದ್ಯೆಯನ್ನು. ಹಸು ಮೇವು ಬಿಟ್ಟರೆ, ಅದರ ಮೂತಿಯ ಪಸೆ ಆರಿದರೆ, ಅದಕ್ಕೆ ಮೈ ಸರಿಯಿಲ್ಲವೆಂದು ಹಟ್ಟಿಯ ಹಿರಿಯರು ತಟ್ಟನೆ ಹೇಳುತ್ತಾರೆ. ನಾಯಿ ನರಳಿ ತಿಳಿಸುತ್ತದೆ. ಬೆಕ್ಕು ಮೂಲೆ ಹಿಡಿದು ತಿಳಿಸುತ್ತದೆ. ಮೀನಾದರೋ ನಮಗೆ ಇಷ್ಟು ಸುಲಭವಾಗಿ ಏನನ್ನೂ ಹೇಳದು. ಅದರ ಮುಖದಲ್ಲಿ ಭಾವದ ಬದಲಾವಣೆಯಿಲ್ಲ, ಕಣ್ಣಿಗೆ ರೆಪ್ಪೆಯಿಲ್ಲ, ನಮ್ಮ ಕಿವಿಗೆ ಮುಟ್ಟುವ ನರಳಾಟವೂ ಇಲ್ಲ. ಗಾಯಗೊಂಡ ಮೀನು ಗಾಜಿನ ಆಚೆ, ಅದನ್ನು ತಂದು ಅಲ್ಲಿರಿಸಿದ ನಾವು ಗಾಜಿನ ಈಚೆ. ನಮಗಿರುವ ಸಾಧನಗಳು ಕಣ್ಣು ಮತ್ತು ತಾಳ್ಮೆ. ಉಪ್ಪುನೀರಿನ ಅಕ್ವೇರಿಯಮ್ಮಿನಲ್ಲಿ ಗಾಯಗೊಂಡ ಮೀನನ್ನು ಕೊಲ್ಲುವುದು ಎಷ್ಟೋ ಸಲ ಗಾಯವಲ್ಲ. ಕಾರಣವನ್ನು ವಿಚಾರಿಸದೆ ನಾವು ಅವಸರದಲ್ಲಿ ಮಾಡುವ ಉಪಚಾರ. ಈ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಕಡಲಿನ ತುಣುಕೊಂದನ್ನು ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಹವ್ಯಾಸ ತೀರ ಹಳೆಯದೇನೂ ಅಲ್ಲ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಒಂದು ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗ ವಿಜ್ಞಾನಿ 'ದಿ ಅಕ್ವೇರಿಯಂ' ಎಂಬ ಪುಸ್ತಕವನ್ನು ಪ್ರಕಟಿಸಿದ ಮೇಲೆ ಆ ಹೆಸರೂ ಆ ಹುಚ್ಚೂ ಇಂಗ್ಲೆಂಡಿನ ಮನೆಮನೆಗೆ ಹಬ್ಬಿದವು. ಇಂದು ನಮ್ಮ ನಗರಗಳಲ್ಲೂ ಹವಳದ ದಿಬ್ಬದ ಮೀನುಗಳನ್ನು ಸಾಕುವವರಿದ್ದಾರೆ. ಆದರೆ ಒಂದು ಸಂಗತಿ ನೆನಪಿನಲ್ಲಿರಬೇಕು. ಅಂಗಡಿಗೆ ಬರುವ ಸಿಹಿನೀರಿನ ಬಣ್ಣದ ಮೀನುಗಳು ಬಹುಪಾಲು ಸಾಕಣೆಯ ಕೊಳಗಳಲ್ಲಿ ಹುಟ್ಟಿದವು. ಕಡಲ ಮೀನುಗಳು ಬಹುಪಾಲು ಇಂದಿಗೂ ದಿಬ್ಬಗಳಿಂದಲೇ ಹಿಡಿದು ತಂದವು. ಕಿತ್ತಳೆಬಣ್ಣದ ಮೈಗೆ ಬಿಳಿಯ ಪಟ್ಟೆ ಬಳಿದುಕೊಂಡ ಕ್ಲೌನ್ ಮೀನು ಇದಕ್ಕೊಂದು ಅಪವಾದ. ಅದನ್ನು ತೊಟ್ಟಿಯಲ್ಲೇ ಮರಿಮಾಡಿಸುವ ಕ್ರಮ ಚೆನ್ನಾಗಿ ತಿಳಿದಿದೆ. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಯಶಸ್ಸು ಪಡೆದಿದೆ. ಹೆಚ್ಚು ಮನೆಗಳಲ್ಲಿ ಕಾಣಸಿಗುವ ಈ ಮೀನನ್ನೇ ನಮ್ಮ ವಿಚಾರಕ್ಕೆ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಗಾಯದ ಮಾತಿಗೆ ಮುನ್ನ ಮೈಯ ಮಾತು. ನೀರಿನಲ್ಲಿ ಸಂಚರಿಸುವ ಮೀನು ನೀರು ಕುಡಿಯಿತೋ ಇಲ್ಲವೋ ಹೇಗೆ ತಿಳಿಯದೋ, ಹಾಗೆಯೇ ಅಧಿಕಾರಿಗಳು ಹಣ ಕಬಳಿಸುವುದೂ ತಿಳಿಯದೆಂದು ಕೌಟಿಲ್ಯ ತನ್ನ 'ಅರ್ಥಶಾಸ್ತ್ರ'ದಲ್ಲಿ ಹೇಳಿದ್ದಾನೆ. ಅಧಿಕಾರಿಗಳ ವಿಷಯ ಹಾಗಿರಲಿ, ಮೀನಿನ ವಿಷಯ ಈಗ ತಿಳಿದಿದೆ. ಸಿಹಿನೀರಿನ ಮೀನು ಕುಡಿಯುವುದು ಅತ್ಯಲ್ಪ; ಕಡಲ ಮೀನು ಕುಡಿಯುತ್ತಲೇ ಇರುತ್ತದೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಹೋಮರ್ ಸ್ಮಿತ್ 1930ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮೀನಿನ ರಕ್ತದಲ್ಲಿರುವುದು ಹೆಚ್ಚುಕಡಿಮೆ ಅದರ ಮೂರರಲ್ಲೊಂದು ಪಾಲು. ಹೊರಗಿನ ಉಪ್ಪು ಒಳಗಿನ ನೀರನ್ನು ಸದಾ ಸೆಳೆಯುತ್ತದೆ. ಉಪ್ಪಿನಕಾಯಿಯ ಮಾವಿನಮಿಡಿ ಉಪ್ಪಿನಲ್ಲಿ ನೀರುಬಿಟ್ಟು ಸುಕ್ಕುವುದು ಇದೇ ನಿಯಮದಿಂದ. ಮೀನು ಹಾಗೆ ಸುಕ್ಕದಿರುವುದು, ಉಪ್ಪುನೀರನ್ನು ಕುಡಿದು ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುವ ಅದರ ಎಡೆಬಿಡದ ದುಡಿಮೆಯಿಂದ. ಕಡಲ ನಡುವೆ ಇದ್ದೂ ಬಾಯಾರಿದ ಪ್ರಾಣಿ ಅದು.

ಈ ದುಡಿಮೆಗೆ ಒತ್ತಾಸೆಯಾಗಿ ನಿಂತಿರುವ ಗೋಡೆಯೇ ಚರ್ಮ. ಮೇಲೆ ತೆಳುವಾದ ಲೋಳೆ, ಅದರಡಿಯಲ್ಲಿ ಹುರುಪೆಗಳನ್ನು ಹೊದ್ದ ನವುರಾದ ಪೊರೆ. ಲೋಳೆ ಜಾರಿದಲ್ಲಿ, ಹುರುಪೆ ಕಿತ್ತಲ್ಲಿ ಗೋಡೆ ಬಿರುಕುಬಿಟ್ಟಂತೆ. ಅಲ್ಲಿಂದ ನೀರು ಸೋರುತ್ತದೆ, ಬ್ಯಾಕ್ಟೀರಿಯಗಳು ಒಳನುಗ್ಗುತ್ತವೆ. ಸಿಹಿನೀರಿನ ತೊಟ್ಟಿಯಲ್ಲಿ ಮೀನಿಗೆ ಪೆಟ್ಟಾದರೆ ಸ್ವಲ್ಪ ಉಪ್ಪು ಹಾಕುವ ಮನೆಮದ್ದು ಹಲವರಿಗೆ ಗೊತ್ತು. ಸಿಹಿನೀರಿನ ಮೀನು ಗಾಯದ ಮೂಲಕ ಉಪ್ಪನ್ನು ಕಳೆದುಕೊಳ್ಳುವುದರಿಂದ ಆ ಮದ್ದಿಗೆ ಅರ್ಥವಿದೆ. ಕಡಲ ಮೀನಿನ ಲೆಕ್ಕ ತಿರುವುಮುರುವಾದದ್ದು. ಅದು ಕಳೆದುಕೊಳ್ಳುತ್ತಿರುವುದು ನೀರನ್ನು. ಅದರ ತೊಟ್ಟಿಗೆ ಇನ್ನಷ್ಟು ಉಪ್ಪನ್ನು ಸೇರಿಸಿದರೆ ಬಳಲಿದವನ ತಲೆಯ ಮೇಲೆ ಮತ್ತೊಂದು ಹೊರೆಯಿಟ್ಟಂತೆ. ನೀರು ಆವಿಯಾಗಿ ಮಟ್ಟ ಇಳಿದಾಗ ಉಪ್ಪು ಆವಿಯಾಗದೆ ಅಲ್ಲೇ ಉಳಿಯುವುದರಿಂದ, ಇಳಿದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು.

ಇನ್ನು ನೋಟದ ವಿಚಾರ. ನೋಡುವುದಕ್ಕೂ ಹೊತ್ತುಗೊತ್ತು ಉಂಟು. ಮುಂಜಾನೆ ದೀಪ ಹಾಕಿದೊಡನೆ ಮೀನಿನ ಮೈ ಮಂಕಾಗಿ, ಮಚ್ಚೆಮಚ್ಚೆಯಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಹಲವು ಮೀನುಗಳು ರಾತ್ರಿ ಬಣ್ಣವನ್ನು ಕಳಚಿಟ್ಟು ಮಲಗುತ್ತವೆ. ಕೆಲವು ಗಿಳಿಮೀನುಗಳು ಲೋಳೆಯ ಗೂಡೊಂದನ್ನು ಕಟ್ಟಿಕೊಂಡು ಅದರೊಳಗೆ ನಿದ್ರಿಸುತ್ತವೆ. ಬೆಳಕಿಗೆ ಹೊಂದಿಕೊಂಡ ಮೇಲಿನ ನೋಟವೇ ನಿಜವಾದ ನೋಟ. ಸಣ್ಣ ಕ್ಲೌನ್ ಮೀನು ದೊಡ್ಡದರ ಮುಂದೆ ಮೈಯನ್ನು ಅದುರಿಸುವುದನ್ನು ಕಂಡು ಅಪಸ್ಮಾರವೆಂದು ಬೆದರುವವರಿದ್ದಾರೆ. ಅದು ರೋಗವಲ್ಲ, 'ನಾನು ನಿನಗೆ ಅಧೀನ' ಎಂಬ ವಿನಯದ ಭಾಷೆ. ಈ ಮೀನುಗಳ ಸಮಾಜ ವಿಚಿತ್ರವಾದದ್ದು. ಎಲ್ಲವೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಹೆಣ್ಣಾದ ಮೇಲೆ ಮರಳಿ ಗಂಡಾಗುವಂತಿಲ್ಲ. ಆದಕಾರಣ ಬೆಳೆದ ಎರಡು ಹೆಣ್ಣುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟವನು ಗಾಯಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪೆಟ್ಟು ಯಾವುದು, ರೋಗ ಯಾವುದು ಎಂದು ಬೇರ್ಪಡಿಸುವುದೇ ಈ ವೈದ್ಯದ ತಿರುಳು. ಪೆಟ್ಟು ಸಾಮಾನ್ಯವಾಗಿ ಒಂದು ಬದಿಗೆ, ಒಂದು ಕಡೆಗೆ ಬೀಳುತ್ತದೆ. ನಿನ್ನೆ ಇರಲಿಲ್ಲ, ಇಂದು ಇದೆ. ರೋಗ ಹರಡುತ್ತದೆ, ಎರಡೂ ಬದಿಗಳಲ್ಲಿ ಕಾಣುತ್ತದೆ, ಒಂದು ಮೀನಿನಿಂದ ಮತ್ತೊಂದಕ್ಕೆ ದಾಟುತ್ತದೆ. ಒಂದೇ ಕಣ್ಣು ಊದಿ ಹೊರಚಾಚಿದ್ದರೆ ಬಂಡೆಗೋ ಗಾಜಿಗೋ ತಗುಲಿದ ಪೆಟ್ಟಿನ ಶಂಕೆ ಹೆಚ್ಚು. ಎರಡೂ ಊದಿದ್ದರೆ ಒಳಗಿನ ಸೋಂಕನ್ನು ಶಂಕಿಸಬೇಕು. ರೆಕ್ಕೆ ಕಡ್ಡಿಗಳ ನಡುವೆ ನೇರವಾಗಿ ಸೀಳಿದ್ದು ಅಂಚು ಸ್ವಚ್ಛವಾಗಿದ್ದರೆ ಅದು ಹರಿದದ್ದು; ಅಂಚು ಬೆಳ್ಳಗೋ ಕೆಂಪಗೋ ಆಗಿ ದಿನದಿನಕ್ಕೂ ಬುಡದತ್ತ ಸವೆಯುತ್ತ ಬಂದರೆ ಅದು ಕೊಳೆತ. ಮೈತುಂಬ ರವೆಯ ಕಾಳು ಉದುರಿಸಿದಂತಹ ಬಿಳಿಯ ಚುಕ್ಕೆಗಳು ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯ ಗುರುತು. ಇನ್ನೂ ನಯವಾದ ಹುಡಿಯಂತಹ ಲೇಪ, ಜೊತೆಗೆ ಏದುಸಿರು ಇದ್ದರೆ ಅಮಿಲೂಡಿನಿಯಂ. ಇದು ಒಂದೆರಡು ದಿನಗಳಲ್ಲೇ ತೊಟ್ಟಿಯನ್ನು ಬರಿದುಮಾಡಬಲ್ಲದು. ರೆಕ್ಕೆಯ ಮೇಲೆ ಹೂಕೋಸಿನಂತೆ ಎದ್ದ ಬಿಳಿಯ ಗಂಟು ನೋಡಲು ಭಯಂಕರ. ಆದರೆ ವೈರಸ್ಸಿನಿಂದ ಬರುವ ಆ ಲಿಂಫೊಸಿಸ್ಟಿಸ್ ನೀರು ಚೆನ್ನಾಗಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ. ಇದಲ್ಲದೆ ಮೀನಿನ ಉಸಿರನ್ನೂ ಗಮನಿಸಬೇಕು. ಆರೋಗ್ಯದಿಂದಿರುವಾಗ ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆಂದು ಮೊದಲೇ ಎಣಿಸಿ ಬರೆದಿಟ್ಟುಕೊಂಡವನಿಗೆ, ಕಷ್ಟಕಾಲದಲ್ಲಿ ಆ ಒಂದು ಅಂಕಿ ನೂರು ಮಾತು ಹೇಳುತ್ತದೆ.

ಪೆಟ್ಟೆಂದು ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ 'ಯಾವ ಔಷಧ?' ಎಂಬುದಲ್ಲ, 'ಯಾರು ಮಾಡಿದ್ದು?' ಎಂಬುದು. ಹೊಸದಾಗಿ ಬಂದ ಮೀನನ್ನು ಹಳಬರು ಕಚ್ಚಿರಬಹುದು. ಡ್ಯಾಮ್ಸೆಲ್ ಮೀನುಗಳು ಇದರಲ್ಲಿ ಕುಖ್ಯಾತವಾದವು. ಸರ್ಜನ್ ಮೀನಿಗೆ ಬಾಲದ ಬುಡದಲ್ಲಿ ಚಾಕುವಿನಂತಹ ಮುಳ್ಳಿದ್ದು, ಅದು ತಾಕಿದರೆ ಮೈ ಗೀರುತ್ತದೆ. ಪಂಪಿನ ನೀರು ಹೀರುವ ಬಾಯಿಗೆ ಜಾಲರಿ ಇಲ್ಲದಿರಬಹುದು, ಕಲ್ಲು ಜರುಗಿರಬಹುದು, ಕಲ್ಲಿನ ಪೊಟರೆಯಲ್ಲಿ ನಮಗೆ ತಿಳಿಯದಂತೆ ಬಂದು ಸೇರಿದ ಏಡಿಯೋ ಮ್ಯಾಂಟಿಸ್ ಸೀಗಡಿಯೋ ರಾತ್ರಿಯ ಹೊತ್ತು ಬೇಟೆಯಾಡುತ್ತಿರಬಹುದು. ದೀಪ ಆರಿದ ಮೇಲೆ ಮಂದವಾದ ಕೆಂಪು ಬೆಳಕಿನಲ್ಲಿ ಅರ್ಧ ಗಂಟೆ ಕುಳಿತು ನೋಡಿದರೆ ಎಷ್ಟೋ ಸಲ ಅಪರಾಧಿ ಸಿಕ್ಕಿಬೀಳುತ್ತಾನೆ. ಕಾರಣವನ್ನು ಹಾಗೆಯೇ ಬಿಟ್ಟು ಗಾಯಕ್ಕೆ ಮದ್ದು ಹಾಕುವುದು, ಸೋರುವ ಮಾಡನ್ನು ಬಿಟ್ಟು ನೆಲ ಒರೆಸಿದಂತೆ.

ಗಾಯ ಸಣ್ಣದು, ಮೀನು ತಿನ್ನುತ್ತಿದೆ, ಯಾರೂ ಅಟ್ಟಿಸಿಕೊಂಡು ಹೋಗುತ್ತಿಲ್ಲ ಎಂದಾದರೆ ಅದನ್ನು ಇದ್ದಲ್ಲೇ ಬಿಡುವುದು ಜಾಣತನ. ಹಿಡಿಯುವ ಗಲಾಟೆಯೇ ಅದಕ್ಕೆ ಎರಡನೆಯ ಗಾಯವಾದೀತು. ಕಾಡುವವನಿದ್ದರೆ, ಸಾಧ್ಯವಾದಲ್ಲಿ ಪೆಟ್ಟು ತಿಂದವನನ್ನಲ್ಲ, ಪೆಟ್ಟು ಕೊಟ್ಟವನನ್ನು ಬೇರೆಯಿಡಬೇಕು. ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯೊಂದನ್ನು ತೊಟ್ಟಿಯೊಳಗೇ ಇಳಿಬಿಟ್ಟು ಅವನನ್ನು ಕೆಲವು ದಿನ ಅದರಲ್ಲಿಡಬಹುದು. ಆ ನಡುವೆ ಕಲ್ಲುಗಳ ಜೋಡಣೆಯನ್ನು ಬದಲಿಸಿದರೆ ಹಳೆಯ ಗಡಿಗಳು ಅಳಿಸಿಹೋಗಿ, ಹೊರಬಂದಾಗ ಅವನೂ ಹೊಸಬನಾಗುತ್ತಾನೆ. ಹಿಡಿಯಲೇಬೇಕಾದಾಗ ಬಲೆಗಿಂತ ಪಾತ್ರೆ ಮೇಲು. ಬಲೆಯ ಎಳೆಗಳು ಲೋಳೆಯನ್ನು ಒರೆಸುತ್ತವೆ, ಮುಳ್ಳುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ನೀರಿನ ಸಮೇತ ಮೊಗೆದ ಮೀನಿಗೆ ಈ ಯಾವ ಕಾಟವೂ ಇಲ್ಲ. ನಮ್ಮ ಕೈಯಲ್ಲಿ ಗಾಯವಿದ್ದರೆ ಕೈಗವಸಿಲ್ಲದೆ ತೊಟ್ಟಿಗೆ ಕೈಯಿಡಬಾರದು. ಮನುಷ್ಯರ ಚರ್ಮಕ್ಕೆ ಸೋಂಕು ತಗುಲಿಸಿ ತಿಂಗಳುಗಟ್ಟಲೆ ಕಾಡಬಲ್ಲ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಜೀವಾಣು ಇಂತಹ ನೀರಿನಲ್ಲಿರಬಹುದು.

ಗಾಯ ಆಳವಾಗಿದ್ದರೆ, ಮೀನು ಆಹಾರ ಬಿಟ್ಟಿದ್ದರೆ, ಆಗ ಪ್ರತ್ಯೇಕವಾದ ಶುಶ್ರೂಷೆಯ ತೊಟ್ಟಿ ಬೇಕು. ಅದು ಆಡಂಬರದ್ದಾಗಬೇಕಿಲ್ಲ. ಸಣ್ಣ ಮೀನಿಗೆ ನಾಲ್ವತ್ತು ಲೀಟರಿನ ಬರಿಯ ಗಾಜಿನ ಪೆಟ್ಟಿಗೆ ಸಾಕು. ಮರಳು ಬೇಡ, ಕಲ್ಲು ಬೇಡ. ಅಡಗಲು ಪ್ಲಾಸ್ಟಿಕ್ ಕೊಳವೆಯ ಒಂದೆರಡು ತುಂಡು, ಗಾಳಿಯ ಪಂಪು, ಮಂದ ಬೆಳಕು ಇದ್ದರಾಯಿತು. ಉಷ್ಣತೆಯೂ ಉಪ್ಪಿನ ಪ್ರಮಾಣವೂ ಮೊದಲಿನ ತೊಟ್ಟಿಯಂತೆಯೇ ಇರಬೇಕು. ಹೊಸ ತೊಟ್ಟಿಯ ನಿಜವಾದ ಶತ್ರು ಅಮೋನಿಯ. ಮೀನಿನ ಮೈಯಿಂದ ಹೊರಬರುವ ಈ ವಿಷವನ್ನು ಹಳೆಯ ತೊಟ್ಟಿಯಲ್ಲಿ ಉಪಕಾರಿ ಬ್ಯಾಕ್ಟೀರಿಯಗಳು ಕರಗಿಸುತ್ತವೆ. ಹೊಸದರಲ್ಲಿ ಅವು ಇನ್ನೂ ನೆಲೆಯೂರಿರುವುದಿಲ್ಲ. ಮೇಲಾಗಿ ಕಡಲ ನೀರಿನ ಪಿ.ಎಚ್. 8.2ರ ಆಸುಪಾಸಿನಲ್ಲಿರುತ್ತದೆ. ಪಿ.ಎಚ್. 7 ಇರುವ ಸಿಹಿನೀರಿಗೆ ಹೋಲಿಸಿದರೆ, ಇಲ್ಲಿ ಅದೇ ಅಮೋನಿಯದಲ್ಲಿ ವಿಷರೂಪದ ಪಾಲು ಹತ್ತು ಪಟ್ಟಿಗೂ ಮಿಗಿಲು. ಹಾಗಾಗಿ ಹಳೆಯ ತೊಟ್ಟಿಯ ಶೋಧಕದಲ್ಲಿ ಮೊದಲೇ ಹದಗೊಂಡ ಸ್ಪಂಜನ್ನು ಇಲ್ಲಿಗೆ ತರಬೇಕು. ದಿನವೂ ಅಮೋನಿಯವನ್ನು ಅಳೆದು, ಕಂಡುಬಂದಾಗ ನೀರಿನ ಒಂದು ಪಾಲನ್ನು ಬದಲಾಯಿಸಬೇಕು. ಮಾಯಬಹುದಾಗಿದ್ದ ಮೀನು ಆಸ್ಪತ್ರೆಯ ತೊಟ್ಟಿಯಲ್ಲೇ ಸಾಯುವುದು ಹೆಚ್ಚಾಗಿ ಈ ಒಂದು ಅಲಕ್ಷ್ಯದಿಂದ.

ಔಷಧದ ಮಾತನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ತಾಮ್ರದ ಔಷಧ ಕೆಲವು ಪರೋಪಜೀವಿಗಳಿಗೆ ಮಾರಕ. ಗಾಯಕ್ಕೆ ಅದರಿಂದ ಏನೂ ಆಗದು. ಹವಳ, ಸೀಗಡಿ, ಶಂಖದ ಹುಳು ಮೊದಲಾದವುಗಳಿಗಂತೂ ಅದು ಸಾವು; ಸುಣ್ಣದ ಕಲ್ಲುಗಳು ಅದನ್ನು ಹೀರಿಟ್ಟುಕೊಳ್ಳುವುದರಿಂದ ಮುಖ್ಯ ತೊಟ್ಟಿಗೆ ಅದನ್ನು ಎಂದೂ ಹಾಕಬಾರದು. ಪ್ರತಿಜೈವಿಕಗಳು ಸೋಂಕಿನ ಗುರುತು ಸ್ಪಷ್ಟವಾದಾಗ, ಪಶುವೈದ್ಯರೋ ಮೀನುಗಾರಿಕೆ ತಜ್ಞರೋ ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಕೊಡಬೇಕಾದವು. ಗಾಯದ ಸುತ್ತ ಕೆಂಪು ಹಬ್ಬುವುದು, ಹತ್ತಿಯಂತಹ ಬಿಳುಪು ಕಟ್ಟುವುದು, ಹೊಟ್ಟೆ ಉಬ್ಬುವುದು ಇಂತಹ ಗುರುತುಗಳು. ಸುಮ್ಮನೆ ಸುರಿದ ಔಷಧ ಶೋಧಕದ ಉಪಕಾರಿ ಜೀವಾಣುಗಳನ್ನೂ ಕೊಂದು ಅಮೋನಿಯವನ್ನು ಆಹ್ವಾನಿಸಬಹುದು. ಒಳ್ಳೆಯ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹಲವು ಸಲ ಕೊಡುವುದು ಬಹಳ ಮೀನುಗಳಿಗೆ ಸಾಕಾದ ಚಿಕಿತ್ಸೆ. ಕ್ಲೌನ್ ಮೀನಿಗೆ ಸಣ್ಣಗೆ ಹೆಚ್ಚಿದ ಸೀಗಡಿ, ಸರ್ಜನ್ ಮೀನಿಗೆ ಕಡಲ ಪಾಚಿ ಹಿತ. ತಿನ್ನದೆ ಉಳಿದದ್ದನ್ನು ಕೂಡಲೇ ತೆಗೆಯಬೇಕು.

ಇಷ್ಟಾದ ಮೇಲೆ ಉಳಿದದ್ದು ಮೀನಿನ ಕೆಲಸ. ಅದನ್ನು ಅದು ಬೆರಗಾಗುವಷ್ಟು ಚೆನ್ನಾಗಿ ಮಾಡುತ್ತದೆ. ಮೇಲಿನ ಗೀರಾದರೆ ಸುತ್ತಲಿನ ಚರ್ಮದ ಕೋಶಗಳು ಕೆಲವೇ ಗಂಟೆಗಳಲ್ಲಿ ಸರಿದುಬಂದು ಅದನ್ನು ಮುಚ್ಚತೊಡಗುತ್ತವೆ. ಬುಡ ಉಳಿದಿದ್ದರೆ ಹರಿದ ರೆಕ್ಕೆ ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಕಳೆದ ಹುರುಪೆಯ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಹೊಸ ಚರ್ಮ ಕೆಲವೊಮ್ಮೆ ಕಪ್ಪಗೆ ಕಾಣುವುದುಂಟು. ಅದು ಮಾಯುತ್ತಿರುವ ಗುರುತು, ಕೊಳೆಯುವುದರದಲ್ಲ. ಒಂದು ಕಣ್ಣು ಹೋದ ಮೀನು ಕೂಡ ತನ್ನ ಆಹಾರವನ್ನು ಹುಡುಕಿ ತಿನ್ನಲು ಕಲಿತು ವರ್ಷಗಟ್ಟಲೆ ಬಾಳಬಲ್ಲದು.

ಒಂದು ಪುಟ್ಟ ಮೀನಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರಿರಬಹುದು. 2003ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ, ಹಾನಿಯನ್ನು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಆ ಮೀನುಗಳು ತುಟಿಯನ್ನು ಕಲ್ಲಿಗೆ ಉಜ್ಜಿಕೊಂಡವು. ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಮೀನಿಗಾಗುವುದು ನಮ್ಮ ನೋವಿನಂತಹದೇ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಆದರೆ ದನಿಯಿಲ್ಲದ್ದಕ್ಕೆ ನೋವೂ ಇಲ್ಲವೆಂದು ನಿಶ್ಚಿಂತರಾಗಿ ಹೇಳುವ ಕಾಲ ಮುಗಿದಿದೆ. ಉಳಿಯುವ ಆಸೆಯೇ ಇಲ್ಲದ ಮೀನನ್ನು ದಿನಗಟ್ಟಲೆ ಹೊರಳಾಡಲು ಬಿಡದೆ, ಬಲ್ಲವರನ್ನು ಕೇಳಿ, ಪ್ರಜ್ಞೆ ತಪ್ಪಿಸುವ ಕ್ರಮದಿಂದ ನೋವಿಲ್ಲದ ಸಾವನ್ನು ಕೊಡುವುದೂ ಆರೈಕೆಯ ಒಂದು ಭಾಗವೇ.

ಕಡಲಿನಲ್ಲಿ ಪೆಟ್ಟು ತಿಂದ ಮೀನಿಗೆ ಓಡಿಹೋಗಲು ಕಡಲೇ ಇದೆ. ಗಾಜಿನ ತೊಟ್ಟಿಯಲ್ಲಿ ಅದಕ್ಕೆ ಶತ್ರುವನ್ನು ಆರಿಸಿದವರು ನಾವು, ನೆರೆಯನ್ನು ಆರಿಸಿದವರು ನಾವು, ಕುಡಿಯುವ ನೀರನ್ನು ಕಲಸಿಟ್ಟವರೂ ನಾವೇ. ಅಲ್ಲಿ ಅದಕ್ಕಾಗುವ ಗಾಯದಲ್ಲಿ ನಮ್ಮದೂ ಒಂದು ಪಾಲಿರುತ್ತದೆ. ಔಷಧದ ಸೀಸೆಗೆ ಕೈಚಾಚುವ ಮುನ್ನ ಒಂದು ಗಳಿಗೆ ನಿಂತು ನೋಡುವುದು ಆ ಪಾಲಿನ ಋಣವನ್ನು ತೀರಿಸುವ ಮೊದಲ ಕಂತು.