ರಾತ್ರಿಯೇ ಏಕೆ ರಕ್ತ ಪರೀಕ್ಷೆ?

ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ನಾನು ಆನೆಕಾಲು ರೋಗದ ಪರೀಕ್ಷೆಗೆ ರಕ್ತ ತೆಗೆಯುತ್ತೇನೆ, ಅದೂ ರಾತ್ರಿ 10ರ ಮೇಲೆ. "ಹಗಲೊತ್ತಿನಾಗ ಬರಬಾರ್ದೇನವ್ವಾ?" ಎಂದು ಅಜ್ಜಂದಿರು ಗದರುತ್ತಾರೆ. ಮಕ್ಕಳೇ, ಕಾರಣ ಕೇಳಿ. ಈ ರೋಗದ ಮರಿಹುಳುಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ, ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಹಗಲು ಹುಡುಕಿದರೆ ಸಿಗದೇ ಹೋಗಬಹುದು.

ಬೆರಳ ತುದಿಗೆ ಒಂದು ಚುಚ್ಚು, ಗಾಜಿನ ಪಟ್ಟಿಯ ಮೇಲೆ ಕೆಲವು ಹನಿ. ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ.

ಹುಳು ಮೈಯಲ್ಲಿದ್ದರೂ ವರ್ಷಗಟ್ಟಲೆ ಏನೂ ಗೊತ್ತಾಗದಿರಬಹುದು. ಕಾಲು ಆನೆಕಾಲಾದ ಮೇಲೆ ಮೊದಲಿನಂತಾಗುವುದು ಕಷ್ಟ. ಬೇಗ ತಿಳಿದರೆ ಮಾತ್ರೆಯಿದೆ. ಅಜ್ಜಿಯರೇ, ನಾವು ಬಾಗಿಲು ತಟ್ಟಿದಾಗ ಮೊಮ್ಮಕ್ಕಳನ್ನು ಎಬ್ಬಿಸಿ, ನೀವೂ ಬೆರಳು ಕೊಡಿ.