ಮೈಕು ಯಾರ ಕೈಯಲ್ಲಿದೆ?

1993ರ ಮಾರ್ಚ್ ತಿಂಗಳು. ಅಮೆರಿಕದ ಶಿಕಾಗೊ ನಗರದಲ್ಲಿ ಇಬ್ಬರು ಹುಡುಗರ ಕೈಗೆ ಟೇಪ್ ರೆಕಾರ್ಡರ್, ಮೈಕು ಬಂದವು. ಲೀಅಲನ್ ಜೋನ್ಸ್‌ಗೆ 13 ವರ್ಷ, ಲಾಯ್ಡ್ ನ್ಯೂಮನ್‌ಗೆ 14. ಇಬ್ಬರೂ ನಗರದ ದಕ್ಷಿಣ ಭಾಗದಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ಬಡ ಬಡಾವಣೆಯವರು, ಒಳ್ಳೆಯ ಗೆಳೆಯರು. ಡೇವ್ ಐಸೆ ಎಂಬ ಯುವ ರೇಡಿಯೊ ನಿರ್ಮಾಪಕ ಅವರಿಗೆ ಕೊಟ್ಟ ಕೆಲಸ ಇಷ್ಟೇ: ಹತ್ತು ದಿನ ನಿಮ್ಮ ಬದುಕನ್ನು ನೀವೇ ರೆಕಾರ್ಡ್ ಮಾಡಿ.

ಆ ಬಡಾವಣೆಯ ಹೆಸರು ಪತ್ರಿಕೆಗಳಿಗೆ, ಟಿ.ವಿಗೆ ಹೊಸದಾಗಿರಲಿಲ್ಲ. ಗುಂಡು ಹಾರಿದಾಗ, ಡ್ರಗ್ಸ್ ಸಿಕ್ಕಾಗ ವರದಿಗಾರರು ಬರುತ್ತಿದ್ದರು, ನಾಲ್ಕು ಮಾತು ಕೇಳಿ ಹೋಗುತ್ತಿದ್ದರು. ಆದರೆ ಹುಡುಗರು ಮೈಕು ಹಿಡಿದಾಗ ಕೇಳಿದ್ದೇ ಬೇರೆ. ಲಾಯ್ಡ್ ತನ್ನ ಕುಡುಕ ತಂದೆಯನ್ನು ಕೂರಿಸಿಕೊಂಡು ಕುಡಿತದ ಬಗ್ಗೆಯೇ ಕೇಳಿದ. ಲೀಅಲನ್ ತಾಯಿಯ ಹತ್ತಿರ ತನ್ನ ಅಪ್ಪನ ವಿಚಾರ ಕೇಳಿದ. ಸಾಕಿದ ಅಜ್ಜಿಯ ಮಾತಿದೆ, ಬಸ್ ಪ್ರಯಾಣವಿದೆ, ಹುಡುಗಾಟವಿದೆ, ನಗುವೂ ಇದೆ. ಹೊರಗಿನ ಯಾವ ವರದಿಗಾರನೂ ಆ ಪ್ರಶ್ನೆಗಳನ್ನು ಆ ದನಿಯಲ್ಲಿ ಕೇಳಲು ಸಾಧ್ಯವಿರಲಿಲ್ಲ. ಕೇಳಿದ್ದರೂ ಆ ಉತ್ತರ ಸಿಗುತ್ತಿರಲಿಲ್ಲ.

ಹೀಗೆ ಹುಟ್ಟಿದ ಸುಮಾರು ಅರ್ಧ ಗಂಟೆಯ ಕಾರ್ಯಕ್ರಮವೇ ‘ಘೆಟ್ಟೊ ಲೈಫ್ 101’. ಅಮೆರಿಕದ ಕಾಲೇಜುಗಳಲ್ಲಿ ಯಾವುದೇ ವಿಷಯದ ಮೊದಲ ಪಾಠಕ್ಕೆ 101 ಎಂಬ ಸಂಖ್ಯೆ ಕೊಡುವ ರೂಢಿಯಿದೆ. ಅಂದರೆ ಇದು ತಮ್ಮ ಕೇರಿಯ ಬಗ್ಗೆ ಆ ಹುಡುಗರೇ ಮಾಡಿದ ಮೊದಲ ಪಾಠ. ನಗರದ ಕಥೆಯನ್ನು ರೇಡಿಯೊದಲ್ಲಿ ಹೇಗೆ ಹೇಳಬೇಕು ಎಂದು ಕಲಿಯುವವರು ಇವತ್ತಿಗೂ ಇದನ್ನು ಹುಡುಕಿ ಕೇಳುತ್ತಾರೆ.

ಸರ್ಕಾರದ್ದೂ ಅಲ್ಲ, ವ್ಯಾಪಾರದ್ದೂ ಅಲ್ಲ

ಈ ಕಾರ್ಯಕ್ರಮ ತಯಾರಾದದ್ದು ಶಿಕಾಗೊದ ಡಬ್ಲ್ಯುಬಿಇಝಡ್ ಎಂಬ ಸಾರ್ವಜನಿಕ ಬಾನುಲಿ ಕೇಂದ್ರಕ್ಕಾಗಿ. ನಮಗೆ ರೇಡಿಯೊ ಅಂದರೆ ಒಂದು ಆಕಾಶವಾಣಿ, ಇಲ್ಲವೇ ಸಿನಿಮಾ ಹಾಡು ಮತ್ತು ಜಾಹೀರಾತಿನ ಎಫ್‌ಎಂ. ಅಮೆರಿಕದ ಸಾರ್ವಜನಿಕ ರೇಡಿಯೊ ಇವೆರಡೂ ಅಲ್ಲ. ಕೇಳುಗರು ಕೊಡುವ ದೇಣಿಗೆಯೇ ಅದರ ಮುಖ್ಯ ಆಧಾರ. ಡಬ್ಲ್ಯುಬಿಇಝಡ್ 1943ರಲ್ಲಿ ಶುರುವಾದಾಗ ನಗರದ ಶಿಕ್ಷಣ ಮಂಡಳಿಯ ಕೈಯಲ್ಲಿತ್ತು. ಶಾಲಾ ಮಕ್ಕಳಿಗೆ ಪಾಠ ಕೇಳಿಸುವುದು ಅದರ ಕೆಲಸವಾಗಿತ್ತು. 1990ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು.

ಶಿಕಾಗೊ ಒಂದೇ ಬಣ್ಣದ, ಒಂದೇ ಭಾಷೆಯ ಊರಲ್ಲ. ಬ್ರಾಂಜ್‌ವಿಲ್ ಕಪ್ಪು ಜನರ ಹಳೆಯ ನೆಲೆ. ಪಿಲ್ಸನ್‌ನಲ್ಲಿ ಮೆಕ್ಸಿಕೊ ಮೂಲದವರು ನೆಲೆಯೂರಿದ್ದಾರೆ. ಡೆವೊನ್ ಅವೆನ್ಯೂ ಎಂಬ ರಸ್ತೆಯಲ್ಲಿ ನಡೆದರೆ ಸೀರೆ ಅಂಗಡಿ, ಸಿಹಿತಿಂಡಿ ಅಂಗಡಿಗಳು ಸಾಲಾಗಿ ಸಿಗುತ್ತವೆ. ಆ ಒಂದೇ ರಸ್ತೆಯ ಒಂದು ಭಾಗಕ್ಕೆ ಗಾಂಧಿಯ ಹೆಸರು, ಇನ್ನೊಂದಕ್ಕೆ ಜಿನ್ನಾ ಹೆಸರು, ಮತ್ತೊಂದಕ್ಕೆ ಇಸ್ರೇಲ್‌ನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಹೆಸರು! ಇಂಥ ಊರಿನಲ್ಲಿ ‘ಜನ ಏನಂತಾರೆ’ ಎಂದು ಒಬ್ಬನೇ ನಿರೂಪಕ ಹೇಳಿಬಿಟ್ಟರೆ ಯಾರು ಒಪ್ಪುತ್ತಾರೆ? ಒಬ್ಬೊಬ್ಬರನ್ನೂ ಕೇಳಲೇಬೇಕು.

ಗುಂಡಿ ಒತ್ತಲು ಬಾರದ ಸಂದರ್ಶಕ

ಕೇಳುವ ಈ ಕೆಲಸಕ್ಕೆ ಶಿಕಾಗೊದಲ್ಲಿ ಒಬ್ಬ ಹಿರಿಯರಿದ್ದರು: ಸ್ಟಡ್ಸ್ ಟರ್ಕೆಲ್. 1912ರಲ್ಲಿ ಹುಟ್ಟಿದ ಇವರು ಬಾಲ್ಯದಲ್ಲೇ ಶಿಕಾಗೊಗೆ ಬಂದರು. ಅಪ್ಪ ಅಮ್ಮ ವಸತಿಗೃಹ ನಡೆಸುತ್ತಿದ್ದರು. ಅಲ್ಲಿ ಬಂದು ಇಳಿಯುತ್ತಿದ್ದ ಕೂಲಿಕಾರರು, ಕೆಲಸ ಕಳೆದುಕೊಂಡವರು ಮಾಡುತ್ತಿದ್ದ ವಾದ, ಹರಟೆ ಕೇಳುತ್ತಲೇ ಬೆಳೆದರು. ಕಾನೂನು ಪದವಿ ಪಡೆದರೂ ವಕೀಲರಾಗಲಿಲ್ಲ. ಡಬ್ಲ್ಯುಎಫ್‌ಎಂಟಿ ಕೇಂದ್ರದಲ್ಲಿ 1952ರಿಂದ 1997ರವರೆಗೆ, 45 ವರ್ಷ, ಜನರನ್ನು ಮಾತಾಡಿಸಿದರು. ದೊಡ್ಡ ಸಂಗೀತಗಾರರು, ಲೇಖಕರು ಅವರ ಸ್ಟುಡಿಯೊಗೆ ಬಂದರು. ಬರಲಾಗದವರ ಮನೆಗೆ ಅವರೇ ರೆಕಾರ್ಡರ್ ಹೊತ್ತು ಹೋದರು. 1967ರ ‘ಡಿವಿಷನ್ ಸ್ಟ್ರೀಟ್: ಅಮೆರಿಕ’ ಪುಸ್ತಕದ ತುಂಬ ಶಿಕಾಗೊದ ಸಾಮಾನ್ಯ ಜನರ ಮಾತೇ ಇದೆ. 1974ರ ‘ವರ್ಕಿಂಗ್’ ಪುಸ್ತಕದಲ್ಲಿ ಜನ ತಮ್ಮ ದುಡಿಮೆಯ ಬಗ್ಗೆ ಮಾತಾಡಿದ್ದಾರೆ. ಕೆಲಸ ಹುಡುಕುತ್ತಿರುವ ನಮ್ಮಂಥವರು ಒಮ್ಮೆಯಾದರೂ ತಿರುವಿ ಹಾಕಬೇಕಾದ ಪುಸ್ತಕ ಅದು. ಸಂಬಳದ ಆಚೆಗೆ ಮನುಷ್ಯ ಕೆಲಸದಿಂದ ಏನು ಬಯಸುತ್ತಾನೆ ಎಂಬುದು ದುಡಿಯುವವರ ಬಾಯಿಂದಲೇ ತಿಳಿಯುತ್ತದೆ.

ತಮಾಷೆಯೆಂದರೆ ಟರ್ಕೆಲ್‌ಗೆ ಯಂತ್ರಗಳು ಅಷ್ಟಾಗಿ ಒಗ್ಗುತ್ತಿರಲಿಲ್ಲ. ರೆಕಾರ್ಡರ್ ಜೊತೆ ಅವರು ಪರದಾಡುವುದನ್ನು ಕಂಡು ಎದುರಿಗಿದ್ದವರೇ ಸಹಾಯಕ್ಕೆ ಬರುತ್ತಿದ್ದರಂತೆ. ಹಾಗೆ ಸಹಾಯ ಮಾಡಿದವರಿಗೆ ಆಮೇಲೆ ಭಯ ಎಲ್ಲಿಯದು? ಅವರೇ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಬಡವರ ವಸತಿ ಸಮುಚ್ಚಯದ ಒಬ್ಬ ತಾಯಿಯನ್ನು ಮಾತಾಡಿಸಿ, ರೆಕಾರ್ಡ್ ಆದದ್ದನ್ನು ಅಲ್ಲೇ ಹಾಕಿ ಕೇಳಿಸಿದರು. ತನ್ನ ದನಿಯನ್ನು ಮೊದಲ ಬಾರಿ ಕೇಳಿದ ಆಕೆಗೆ ಆಶ್ಚರ್ಯ. ತನ್ನ ಮನಸ್ಸಿನಲ್ಲಿ ಇಂಥದ್ದೆಲ್ಲ ಇದೆ ಎಂದು ಅಲ್ಲಿಯವರೆಗೆ ಆಕೆಗೇ ಗೊತ್ತಿರಲಿಲ್ಲ.

2003ರ ಅಕ್ಟೋಬರ್‌ನಲ್ಲಿ ಇದೇ ಟರ್ಕೆಲ್, 91ರ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಹೋಗಿ ಒಂದು ಪುಟ್ಟ ಧ್ವನಿಮುದ್ರಣ ಕೋಣೆಯ ಟೇಪು ಕತ್ತರಿಸಿದರು. ಅದನ್ನು ಕಟ್ಟಿದ್ದು ಶಿಕಾಗೊದ ಹುಡುಗರಿಗೆ ಮೈಕು ಕೊಟ್ಟಿದ್ದ ಡೇವ್ ಐಸೆ. ಯೋಜನೆಯ ಹೆಸರು ‘ಸ್ಟೋರಿಕಾರ್ಪ್ಸ್’. ಪರಸ್ಪರ ಬಲ್ಲ ಇಬ್ಬರು ಒಳಗೆ ಕೂತು 40 ನಿಮಿಷ ಮಾತಾಡಬಹುದು. ಅಜ್ಜಿ ಮೊಮ್ಮಗಳಿರಬಹುದು, ಗೆಳೆಯರಿರಬಹುದು. ಒಂದು ಪ್ರತಿ ಅವರಿಗೆ, ಒಪ್ಪಿದರೆ ಇನ್ನೊಂದು ಪ್ರತಿ ಅಮೆರಿಕದ ಸಂಸತ್ ಗ್ರಂಥಾಲಯದ ಸಂಗ್ರಹಕ್ಕೆ. ರಾಷ್ಟ್ರದ ಕಡತದಲ್ಲಿ ಬಸ್ ಚಾಲಕನ ಮಾತಿಗೂ ಜಾಗ ಸಿಕ್ಕಿತು.

ಪ್ರಶ್ನೆಯೂ ಕೇಳುಗರದೇ

2012ರಲ್ಲಿ ಡಬ್ಲ್ಯುಬಿಇಝಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜೆನಿಫರ್ ಬ್ರ್ಯಾಂಡೆಲ್ ಶುರು ಮಾಡಿದ ‘ಕ್ಯೂರಿಯಸ್ ಸಿಟಿ’ಯಲ್ಲಿ ಯಾವ ಕಥೆ ಮಾಡಬೇಕು ಎಂಬುದನ್ನೇ ಕೇಳುಗರಿಗೆ ಬಿಟ್ಟರು. ಊರಿನ ಬಗ್ಗೆ ನಿಮಗಿರುವ ಪ್ರಶ್ನೆ ಕಳಿಸಿ, ಬಂದ ಪ್ರಶ್ನೆಗಳಿಗೆ ಮತ ಹಾಕಿ, ಪ್ರಶ್ನೆ ಕೇಳಿದವರು ವರದಿಗಾರರ ಜೊತೆ ಉತ್ತರ ಹುಡುಕಲು ಬನ್ನಿ ಎಂಬ ಕ್ರಮ. ಸಂಪಾದಕರ ಮೇಜಿನ ಮೇಲೆ ಎಂದೂ ಹುಟ್ಟದಿದ್ದ ಪ್ರಶ್ನೆಗಳು ಬೀದಿಯಿಂದ ಬಂದವು.

ಹಾಗಂತ ಮೈಕು ಕೊಟ್ಟರೆ ಎಲ್ಲವೂ ಮುಗಿಯಿತು ಅಂತಲ್ಲ. ಹತ್ತು ದಿನದ ಮಾತನ್ನು ಅರ್ಧ ಗಂಟೆಗೆ ಇಳಿಸುವವರು ಯಾರು? ಯಾವ ಮಾತು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರು ಯಾರು? ಬಡತನವನ್ನು ಮಾತ್ರ ಉಳಿಸಿ ನಗುವನ್ನು ಕತ್ತರಿಸಿದರೆ, ಮೈಕು ಆ ಹುಡುಗರ ಕೈಯಲ್ಲೇ ಇದ್ದರೂ ಕಥೆ ಬೇರೆಯವರದಾಗುತ್ತದೆ. ‘ಘೆಟ್ಟೊ’ ಎಂಬ ಹೆಸರೇ ಒಂದು ಇಡೀ ಕೇರಿಗೆ ಹಣೆಪಟ್ಟಿ ಅಂಟಿಸುವುದಿಲ್ಲವೇ ಎಂದೂ ಕೇಳಬಹುದು. ಇವು ಸುಲಭವಾಗಿ ತೀರುವ ಪ್ರಶ್ನೆಗಳಲ್ಲ.

ಉತ್ತರದ ಒಂದು ಭಾಗ ಆ ಇಬ್ಬರ ಮುಂದಿನ ಕೆಲಸದಲ್ಲಿದೆ. 1994ರಲ್ಲಿ ಅವರ ಬಡಾವಣೆಯ ಐಡಾ ಬಿ. ವೆಲ್ಸ್ ವಸತಿ ಸಮುಚ್ಚಯದಲ್ಲಿ 10 ಮತ್ತು 11 ವರ್ಷದ ಇಬ್ಬರು ಹುಡುಗರು ಐದು ವರ್ಷದ ಮಗುವನ್ನು 14ನೇ ಮಹಡಿಯಿಂದ ಕೆಳಕ್ಕೆ ಹಾಕಿದರು. ಅಂಗಡಿಯಿಂದ ಮಿಠಾಯಿ ಕದ್ದು ತರಲು ಆ ಮಗು ಒಪ್ಪಿರಲಿಲ್ಲ. ದೇಶವೇ ಬೆಚ್ಚಿಬಿತ್ತು. ಆದರೆ ಸುದ್ದಿ ತಣ್ಣಗಾದ ಮೇಲೂ ಅಲ್ಲಿ ಉಳಿದು, ‘ಇದು ಹೇಗಾಯಿತು’ ಎಂದು ಮನೆ ಮನೆ ಕೇಳಿದವರು ಲೀಅಲನ್ ಮತ್ತು ಲಾಯ್ಡ್. ಅವರು ಮಾಡಿದ ‘ರಿಮೋರ್ಸ್’ ಕಾರ್ಯಕ್ರಮಕ್ಕೆ 1996ರ ಪೀಬಾಡಿ ಪ್ರಶಸ್ತಿ ಬಂತು. ಮೊದಲ ಸಲ ತಮ್ಮ ಬದುಕು ಹೇಳಿದ್ದವರು, ಎರಡನೇ ಸಲ ತಮ್ಮ ಊರಿಗೆ ವರದಿಗಾರರೇ ಆಗಿದ್ದರು. ಲಾಯ್ಡ್ 2022ರಲ್ಲಿ ತೀರಿಕೊಂಡರು. ಆ ವಸತಿ ಸಮುಚ್ಚಯವೂ ಇಂದು ಇಲ್ಲ, 2011ರ ಹೊತ್ತಿಗೆ ಎಲ್ಲ ನೆಲಸಮವಾಯಿತು. ಅಲ್ಲಿ ಬದುಕಿದವರ ದನಿ ಮಾತ್ರ ಉಳಿದಿದೆ.

ಇಂಥ ರೇಡಿಯೊಗೆ ಕಷ್ಟದ ದಿನಗಳೂ ಬಂದಿವೆ. ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಕ್ಕೆಂದು ಮೀಸಲಿಟ್ಟಿದ್ದ 110 ಕೋಟಿ ಡಾಲರ್ ಹಣವನ್ನು ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ದೊಡ್ಡ ನಗರದ ಕೇಂದ್ರಗಳು ದೇಣಿಗೆಯಿಂದ ಹೇಗೋ ನಡೆದಾವು, ಸಣ್ಣ ಊರಿನ ಕೇಂದ್ರಗಳ ಪಾಡು ಕಠಿಣ.

ನಮ್ಮಲ್ಲಿ?

ರೇಡಿಯೊ ಕೈಗೆತ್ತಿಕೊಂಡ ಊರಿನವರ ಕಥೆ ಕನ್ನಡಿಗರಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಆಮೇಲೆ ದಶಕಗಳ ಕಾಲ ಪ್ರಸಾರ ಸರ್ಕಾರದ ಕೈಯಲ್ಲೇ ಇತ್ತು. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಮೊದಲು ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಅವಕಾಶ ಸಿಕ್ಕಿತು.

ಬೆಂಗಳೂರಿನಲ್ಲಿ 2007ರಲ್ಲಿ ಶುರುವಾದ ‘ರೇಡಿಯೊ ಆ್ಯಕ್ಟಿವ್’ 90.4 ಅಂಥದ್ದೊಂದು. ಅಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಪ್ರಿಯಾಂಕಾ ದಿವಾಕರ್ ನಿರೂಪಕಿಯಾಗಿ ಮೈಕಿನ ಮುಂದೆ ಕೂತರು. ಕಸ ಆಯುವವರು ಕಸದ ಬಗ್ಗೆ ತಾವೇ ಮಾತಾಡಿದರು. ಸಿಗ್ನಲ್‌ನಲ್ಲಿ, ಕಸದ ಗಾಡಿಯ ಹಿಂದೆ ದಿನವೂ ಕಾಣುವವರು, ಆದರೆ ನಾವು ಎಂದೂ ಮಾತಾಡಿಸದವರು, ಇಲ್ಲಿ ನಮಗೆ ವಿಷಯ ತಿಳಿಸುವವರಾದರು. ಇತಿಮಿತಿಗಳೂ ಇವೆ. ಪ್ರಸಾರ ಯಂತ್ರದ ಶಕ್ತಿ ಕಡಿಮೆ, ಕೆಲವೇ ಕಿಲೊಮೀಟರ್ ತಲುಪುತ್ತದೆ. ಸ್ವಂತವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲ. ಜಾಹೀರಾತಿಗೂ ಮಿತಿಯಿದೆ. ಹೀಗಿದ್ದೂ ಕೇಂದ್ರ ನಡೆಯುವುದು ಹಲವರ ಹಟದಿಂದ.

ಕಾಲೇಜಿನಲ್ಲಿರುವ, ಕೆಲಸ ಹುಡುಕುತ್ತಿರುವ ನಮಗೆ ಇದರಲ್ಲೇನಿದೆ? ಪಾಡ್‌ಕಾಸ್ಟ್ ಶುರು ಮಾಡಬೇಕೆಂಬ ಆಸೆ ಈಗ ಅನೇಕರಿಗಿದೆ. ಮೊಬೈಲ್ ಇದ್ದರೆ ರೆಕಾರ್ಡರ್ ಇದ್ದಂತೆಯೇ. ಆದರೆ ನಮ್ಮ ಬಹುಪಾಲು ಪಾಡ್‌ಕಾಸ್ಟ್‌ಗಳಲ್ಲಿ ಸ್ಟುಡಿಯೊದಲ್ಲಿ ಕೂತ ಇಬ್ಬರು ಹೆಸರುವಾಸಿಗಳ ಮಾತು. ಅದೇ ಸ್ಟುಡಿಯೊ ಗುಡಿಸುವವರು ಬೀದರ್‌ನಿಂದ ಬಂದರೋ, ಒಡಿಶಾದಿಂದ ಬಂದರೋ ಯಾರೂ ಕೇಳಿಲ್ಲ. ಕೇಳಲು ಹೊರಡುವವರಿಗೆ ಟರ್ಕೆಲ್, ಲೀಅಲನ್, ಲಾಯ್ಡ್ ಅವರಿಂದ ಕಲಿಯಬೇಕಾದ್ದು ಬಹಳವೇನಿಲ್ಲ. ಒಪ್ಪಿಗೆ ಪಡೆಯಿರಿ. ಎದುರಿನವರು ಸುಮ್ಮನಾದಾಗ ಅವಸರದಲ್ಲಿ ಇನ್ನೊಂದು ಪ್ರಶ್ನೆ ಎಸೆಯಬೇಡಿ. ರೆಕಾರ್ಡ್ ಆದದ್ದನ್ನು ಮೊದಲು ಅವರಿಗೇ ಕೇಳಿಸಿ. ಬೇಡವೆಂದ ಮಾತನ್ನು ತೆಗೆದುಹಾಕಿ. ಸಾಧ್ಯವಾದರೆ ಮುಂದಿನ ಸಲ ಮೈಕು ಅವರ ಕೈಗೇ ಕೊಡಿ.

‘ದನಿಯಿಲ್ಲದವರ ದನಿಯಾಗುತ್ತೇವೆ’ ಎಂದು ಭಾಷಣ ಮಾಡುವವರನ್ನು ಕಂಡಿದ್ದೇವೆ. ದನಿ ಎಲ್ಲರಿಗೂ ಇದೆ. ಆ 13, 14ರ ಹುಡುಗರಿಗೂ ಇತ್ತು. ಅವರಿಗೆ ಬೇಕಾಗಿದ್ದು ಒಂದು ರೆಕಾರ್ಡರ್, ಹತ್ತು ದಿನ, ಮತ್ತು ಕೇಳಿಸಿಕೊಳ್ಳಲು ತಯಾರಿದ್ದ ಒಂದು ಊರು.